ನಂಬಿದವನ ಕೈಗೆ ಕೊಟ್ಟ ಪೊಟ್ಟಣ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ದ್ರೋಹದ ಕಥೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮೊದಲ ಚರಿತ್ರೆಯಲ್ಲಿಯೇ ಒಬ್ಬ ರಾಣಿ ಇದ್ದಾಳೆ, ಒಬ್ಬ ಶೂರನಿದ್ದಾನೆ, ಅವರ ಬೆನ್ನ ಹಿಂದೆ ಕೆಲವರು ಮೋಸಗಾರರೂ ಇದ್ದಾರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆಯೇ ಬಿದ್ದಿತು. ಎರಡರ ನಡುವೆ ಏನಾಯಿತೆಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಸಿಗುವ ಉತ್ತರ ಒಂದೇ: ಒಳಗಿನವರು ಮದ್ದಿನಲ್ಲಿ ಸಗಣಿ ಬೆರೆಸಿದರು. ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ ರಾಣಿ 1829ರಲ್ಲಿ ಕಣ್ಣು ಮುಚ್ಚಿದ ಮೇಲೆ ಹೋರಾಟವನ್ನು ಹೊತ್ತು ನಡೆದ ಸಂಗೊಳ್ಳಿಯ ರಾಯಣ್ಣನ ಕಥೆಯೂ ಹಾಗೆಯೇ. ಹಳ್ಳದಲ್ಲಿ ಸ್ನಾನಕ್ಕಿಳಿಯುವಾಗ ಅವನು ನಂಬಿ ಬಿಟ್ಟುಹೋದ ಕತ್ತಿಯನ್ನು ಜೊತೆಗಿದ್ದವರೇ ದೂರ ಸಾಗಿಸಿದರೆಂದು ಲಾವಣಿಗಳು ಹಾಡುತ್ತವೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇದೇ ನೆಲದ ಸಣ್ಣಾಟ ‘ಸಂಗ್ಯಾ-ಬಾಳ್ಯಾ’ವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಒಂದು ಕೊಲೆಯ ಕಥೆ ಅದು. ಅಲ್ಲಿ ರಾಜ್ಯವಿಲ್ಲ, ಕೋಟೆಯಿಲ್ಲ, ಕಂಪನಿ ಸರಕಾರವೂ ಇಲ್ಲ. ಆದರೂ ಸಂಗ್ಯಾ ಸಾಯುವುದು ಗೆಳೆಯನಾದ ಬಾಳ್ಯಾನ ನೆರವಿನಿಂದಲೇ. ಕೊಂದವರ ಸಿಟ್ಟನ್ನು ನಮ್ಮ ಜನ ಹೇಗೋ ಅರ್ಥಮಾಡಿಕೊಳ್ಳುತ್ತಾರೆ. ಬಾಳ್ಯಾನನ್ನು ಮಾತ್ರ ಕ್ಷಮಿಸುವುದಿಲ್ಲ.

ಈಗ, ಪ್ರಿಯ ಓದುಗರೇ, ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಗುಟ್ಟನ್ನು ಅವರಿಗೆ ಒಯ್ದು ಹೇಳಿದವನನ್ನು ನಾವು ದ್ರೋಹಿ ಎನ್ನುತ್ತೇವೆ. ಅವರ ಗುಟ್ಟನ್ನು ನಮಗೆ ತಂದುಕೊಟ್ಟವನನ್ನು ಬೇಹುಗಾರನೆಂದು, ಸಾಹಸಿಯೆಂದು ಕೊಂಡಾಡುತ್ತೇವೆ. ಇಬ್ಬರೂ ಮಾಡಿದ ಕೆಲಸ ಒಂದೇ: ಸುಳ್ಳು ಮುಖ ಹೊತ್ತು ಒಬ್ಬರ ಮನೆ ಹೊಕ್ಕರು, ಅನ್ನ ಉಂಡರು, ವಿಶ್ವಾಸ ಗಳಿಸಿದರು, ಹೊರಗೆ ಬಂದು ಅದನ್ನು ಮಾರಿದರು. ಹಾಗಾದರೆ ದ್ರೋಹಿಗೂ ಬೇಹುಗಾರನಿಗೂ ಇರುವ ವ್ಯತ್ಯಾಸ ನಾವು ಯಾವ ದಡದಲ್ಲಿ ನಿಂತಿದ್ದೇವೆ ಎಂಬುದು ಮಾತ್ರವೇ?

ನಮ್ಮ ಊರಿನ ಕಥೆಯನ್ನೇ ಹಿಡಿದು ಇದನ್ನು ಯೋಚಿಸುವುದು ಕಷ್ಟ. ರಾಯಣ್ಣನ ಹೆಸರು ಬಂದ ಕೂಡಲೇ ನಮ್ಮ ಮನಸ್ಸು ಪಕ್ಷ ಹಿಡಿದುಬಿಡುತ್ತದೆ, ಹಿಡಿಯುವುದು ಸಹಜವೂ ಹೌದು. ಆದುದರಿಂದ ನಮ್ಮವರು ಯಾರೂ ಇಲ್ಲದ ಒಂದು ಕಥೆಯನ್ನು ಮೊದಲು ನೋಡೋಣ. ಅದು 1907ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ದಿ ಸೀಕ್ರೆಟ್ ಏಜೆಂಟ್’ ಎಂಬ ಕಾದಂಬರಿ, ಮತ್ತು ಅದನ್ನು ಆಧರಿಸಿ ಆಲ್ಫ್ರೆಡ್ ಹಿಚ್‌ಕಾಕ್ ಅವರು 1936ರಲ್ಲಿ ತೆಗೆದ ‘ಸಬೋಟಾಜ್’ ಎಂಬ ಚಲನಚಿತ್ರ.

ಕಾದಂಬರಿಕಾರರಾದ ಜೋಸೆಫ್ ಕಾನ್ರಾಡ್ ಹುಟ್ಟಿನಿಂದ ಆಂಗ್ಲರಲ್ಲ. ಪೋಲೆಂಡಿನವರು. ಅವರ ಕಾಲದಲ್ಲಿ ಪೋಲೆಂಡ್ ಎಂಬ ದೇಶವೇ ಭೂಪಟದ ಮೇಲಿರಲಿಲ್ಲ. ನೆರೆಯ ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಸ್ವಾತಂತ್ರ್ಯಕ್ಕಾಗಿ ದುಡಿದ ಅವರ ತಂದೆಯನ್ನು ರಷ್ಯಾದ ಸರಕಾರ 1861ರಲ್ಲಿ ಬಂಧಿಸಿ, ಮರುವರ್ಷ ಹೆಂಡತಿ ಮತ್ತು ಪುಟ್ಟ ಮಗನೊಂದಿಗೆ ಉತ್ತರದ ಚಳಿನಾಡಿಗೆ ಗಡೀಪಾರು ಮಾಡಿತು. ಮಗನಿಗೆ ಹನ್ನೆರಡು ತುಂಬುವುದರೊಳಗೆ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಗುಪ್ತ ಪೊಲೀಸರು, ಗುಟ್ಟು ಮುಟ್ಟಿಸುವವರು, ಗೋಡೆಗೂ ಕಿವಿಯಿದೆಯೆಂಬ ಭಯ – ಇವೆಲ್ಲ ಆ ಲೇಖಕರಿಗೆ ಪುಸ್ತಕದ ಮಾತುಗಳಾಗಿರಲಿಲ್ಲ. ಇಂಥವರು ಬೇಹುಗಾರನ ಕಥೆ ಬರೆದರೆ ಅದರಲ್ಲಿ ಸಾಹಸದ ಮೆರುಗು ಇರಲಾರದು, ಇಲ್ಲವೂ ಇಲ್ಲ.

ಕಥೆಯ ವರ್ಲಾಕ್ ಎಂಬವನು ಲಂಡನ್ನಿನ ಒಂದು ಕೊಳಕು ಬೀದಿಯಲ್ಲಿ ಮರ್ಯಾದಸ್ಥರು ಕಾಲಿಡಲು ಹಿಂಜರಿಯುವಂಥ ಅಂಗಡಿ ಇಟ್ಟುಕೊಂಡಿದ್ದಾನೆ. ದಪ್ಪ ಮೈ, ಸೋಮಾರಿ ಸ್ವಭಾವ. ಕ್ರಾಂತಿಕಾರಿಗಳ ನಡುವೆ ಅವರವನಂತೆ ಇದ್ದುಕೊಂಡು ಒಂದು ವಿದೇಶಿ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಿ ಸಂಬಳ ಪಡೆಯುವುದು ಅವನ ನಿಜವಾದ ಕಸುಬು. ಸಾಲದೆಂಬಂತೆ ಲಂಡನ್ನಿನ ಪೊಲೀಸ್ ಅಧಿಕಾರಿಯೊಬ್ಬನಿಗೂ ಸುದ್ದಿ ಕೊಡುತ್ತಾನೆ. ರಾಯಭಾರ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಅವನನ್ನು ಕರೆಸಿ ಗದರಿಸುತ್ತಾನೆ: ಬರಿಯ ಸುದ್ದಿ ಸಾಲದು, ಇಂಗ್ಲೆಂಡಿನವರು ಬೆಚ್ಚಿಬಿದ್ದು ಕಠಿಣ ಕಾನೂನು ಮಾಡುವಂತೆ ಗ್ರೀನಿಚ್ಚಿನ ಖಗೋಳ ವೀಕ್ಷಣಾಲಯಕ್ಕೆ ಬಾಂಬ್ ಇಡಿಸು, ಇಲ್ಲವಾದರೆ ಸಂಬಳ ನಿಂತಿತು. ಗ್ರೀನಿಚ್ಚಿನ ಉದ್ಯಾನದಲ್ಲಿ 1894ರ ಫೆಬ್ರವರಿಯಲ್ಲಿ ಫ್ರಾನ್ಸಿನ ಮಾರ್ಷಲ್ ಬೋರ್ದಾನ್ ಎಂಬ ಯುವಕನೊಬ್ಬ ತಾನೇ ಒಯ್ಯುತ್ತಿದ್ದ ಬಾಂಬ್ ಸಿಡಿದು ಸತ್ತಿದ್ದನು. ಕಾದಂಬರಿ ಹುಟ್ಟಿದ್ದು ಆ ಘಟನೆಯಿಂದ.

ವರ್ಲಾಕನಿಗೆ ವಿನ್ನಿ ಎಂಬ ಹೆಂಡತಿ. ಅವಳಿಗೆ ಸ್ಟೀವಿ ಎಂಬ ತಮ್ಮ. ಬುದ್ಧಿ ಪೂರ್ತಿ ಬೆಳೆಯದ, ಆದರೆ ಹೂವಿನಂಥ ಮನಸ್ಸಿನ ಹುಡುಗ. ಬಾಡಿಗೆ ಗಾಡಿಯ ಬಡಕಲು ಕುದುರೆಗೆ ಚಾಟಿ ಬೀಸಿದರೆ ಅವನಿಗೆ ತಡೆಯಲಾಗುವುದಿಲ್ಲ. ಗಾಡಿಯವನ ಬಡತನವನ್ನು ಕೇಳಿದರೆ ಅವನಿಗಾಗಿಯೂ ಕರಗುತ್ತಾನೆ. ವಿನ್ನಿ ವರ್ಲಾಕನನ್ನು ಮದುವೆಯಾದದ್ದು ಪ್ರೀತಿಯಿಂದಲ್ಲ. ಈ ತಮ್ಮನಿಗೂ ತಾಯಿಗೂ ಒಂದು ಸೂರು ಬೇಕಾಗಿತ್ತು, ಅದಕ್ಕಾಗಿ. ತಮ್ಮನು ಈ ಮನೆಯಲ್ಲಿ ನಿಲ್ಲಬೇಕಾದರೆ ಮನೆಯ ಯಜಮಾನನಿಗೆ ವಿಧೇಯನಾಗಿರಬೇಕು. ಆದುದರಿಂದ ಅಕ್ಕ ಮತ್ತು ತಾಯಿ ಇಬ್ಬರೂ ಹಗಲಿರುಳು ಅವನ ಕಿವಿಯಲ್ಲಿ ಒಂದೇ ಮಾತನ್ನು ತುಂಬುತ್ತಾರೆ – ವರ್ಲಾಕ್ ಒಳ್ಳೆಯವನು. ಅವರಿಗೆ ವರ್ಲಾಕ್ ಒಳ್ಳೆಯವನೋ ಅಲ್ಲವೋ ತಿಳಿಯದು, ತಿಳಿದುಕೊಳ್ಳುವ ಗೋಜಿಗೂ ಹೋದವರಲ್ಲ. ಹುಡುಗನ ಅನ್ನಕ್ಕಾಗಿ ಹೇಳಿದ ಮಾತು ಅದು. ಹುಡುಗ ನಂಬಿದನು. ಅಳಿಯನಿಗೆ ತನ್ನ ಹೊರೆ ತಪ್ಪಿದರೆ ಮಗನ ಮೇಲಿನ ಬೇಸರ ಕಡಿಮೆಯಾದೀತೆಂದು ತಾಯಿ ಅನಾಥ ವಿಧವೆಯರ ಆಶ್ರಮಕ್ಕೆ ಹೋಗಿ ಸೇರುತ್ತಾಳೆ. ಆ ಪುಟಗಳನ್ನು ಓದುವಾಗ ಕಣ್ಣು ಒದ್ದೆಯಾಗದೆ ಇರದು.

ಬಾಂಬ್ ಇದ್ದ ಪೊಟ್ಟಣವನ್ನು ಗ್ರೀನಿಚ್ಚಿನಲ್ಲಿ ವರ್ಲಾಕ್ ಕೊಡುವುದು ಈ ಹುಡುಗನ ಕೈಗೆ. ಅವನು ಏಕೆ ಎಂದು ಕೇಳುವುದಿಲ್ಲ. ಒಳ್ಳೆಯವನು ಕೊಟ್ಟದ್ದು ಒಳ್ಳೆಯದೇ ಇರಬೇಕು. ಉದ್ಯಾನದಲ್ಲಿ ಮರದ ಬೇರು ಎಡವಿ ಬೀಳುತ್ತಾನೆ. ಅವನ ಗುರುತು ಹಿಡಿಯಲು ಪೊಲೀಸರಿಗೆ ಸಿಕ್ಕಿದ್ದು ಕೋಟಿನ ಕೊರಳ ಬಳಿ ಹೊಲಿದಿದ್ದ ಬಟ್ಟೆಯ ತುಂಡು. ತಮ್ಮ ಎಲ್ಲಾದರೂ ದಾರಿ ತಪ್ಪಿದರೆ ಯಾರಾದರೂ ಮನೆಗೆ ಮುಟ್ಟಿಸಲಿ ಎಂದು ಅಕ್ಕನೇ ವಿಳಾಸ ಬರೆದು ಹೊಲಿದಿಟ್ಟಿದ್ದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ವರ್ಲಾಕನಿಗೆ ಹುಡುಗನನ್ನು ಕೊಲ್ಲುವ ಉದ್ದೇಶ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ ಅವನು ಅದನ್ನೇ ಹೇಳುತ್ತಾನೆ: ಆದದ್ದು ಆಗಿಹೋಯಿತು, ನಾನು ಬೇಕೆಂದು ಮಾಡಲಿಲ್ಲ. ಹೇಳುತ್ತಲೇ ತಣ್ಣಗಿನ ಮಾಂಸವನ್ನು ಕೊಯ್ದು ಹೊಟ್ಟೆ ತುಂಬ ತಿನ್ನುತ್ತಾನೆ. ಇದನ್ನು ನಾನು ಇಡೀ ಕಾದಂಬರಿಯ ಅತ್ಯಂತ ಭಯಂಕರ ದೃಶ್ಯವೆಂದು ಎಣಿಸುತ್ತೇನೆ. ಬಾಂಬ್ ಸಿಡಿಯುವುದನ್ನು ಕಾನ್ರಾಡ್ ನಮಗೆ ತೋರಿಸುವುದೇ ಇಲ್ಲ, ಊಟವನ್ನು ತೋರಿಸುತ್ತಾರೆ. ವರ್ಷಗಟ್ಟಲೆ ಎರಡು ಮುಖ ಹೊತ್ತು ಬದುಕಿದವನಿಗೆ ಇನ್ನೊಬ್ಬರ ವಿಶ್ವಾಸವೆಂದರೆ ಅಂಗಡಿಯ ಕಪಾಟಿನ ಸರಕಿನಂತೆ, ಬೇಕಾದಾಗ ತೆಗೆದು ಬಳಸುವ ವಸ್ತುವಾಗಿಬಿಟ್ಟಿದೆ. ತಾನು ಏನನ್ನು ಬಳಸಿದೆನೆಂಬುದೇ ಅವನಿಗೆ ತಿಳಿಯುವುದಿಲ್ಲ. ಅದೇ ಊಟದ ಚಾಕುವಿನಿಂದ ವಿನ್ನಿ ಅವನನ್ನು ಇರಿಯುತ್ತಾಳೆ. ಅನಂತರ ಅವಳನ್ನು ಕಾಪಾಡುತ್ತೇನೆಂದು ಬಂದ ಕ್ರಾಂತಿಕಾರಿಯೊಬ್ಬ ಹಣವನ್ನು ಕೈಗೆ ತೆಗೆದುಕೊಂಡು ರೈಲಿನಿಂದ ಹಾರಿ ಅವಳನ್ನು ಒಂಟಿಯಾಗಿ ಬಿಡುತ್ತಾನೆ. ಅವಳು ಹಡಗಿನಿಂದ ಸಮುದ್ರಕ್ಕೆ ಬೀಳುತ್ತಾಳೆ. ಸಮಾಧಾನ ಎಂಬುದು ಈ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಚಲನಚಿತ್ರದಲ್ಲಿ ಸಮಾಧಾನವಿದೆ. ಈ ಮಾತನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಹಿಚ್‌ಕಾಕ್ ಅವರು ಕಥೆಯನ್ನು ತಮ್ಮ ಕಾಲಕ್ಕೆ ತಂದು ವರ್ಲಾಕನನ್ನು ಒಂದು ಚಿಕ್ಕ ಚಿತ್ರಮಂದಿರದ ಮಾಲೀಕನನ್ನಾಗಿ ಮಾಡಿದರು. ಸ್ಟೀವಿ ಇಲ್ಲಿ ಚುರುಕಾದ ಶಾಲಾ ಬಾಲಕ, ಬುದ್ಧಿಮಾಂದ್ಯನಲ್ಲ. ಬಾಂಬಿನ ಪೊಟ್ಟಣದ ಜೊತೆಗೆ ಸಿನಿಮಾ ರೀಲಿನ ಡಬ್ಬಗಳನ್ನೂ ಹಿಡಿದು ಅವನು ಹೊರಡುತ್ತಾನೆ. ಮಧ್ಯಾಹ್ನ ಒಂದು ಮುಕ್ಕಾಲಿಗೆ ಅದು ಸಿಡಿಯುತ್ತದೆಂದು ನೋಡುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಬೀದಿಯಲ್ಲಿ ಟೂತ್‌ಪೇಸ್ಟ್ ಮಾರುವವನು ಅವನನ್ನು ಹಿಡಿದು ಕೂರಿಸುತ್ತಾನೆ. ಮೆರವಣಿಗೆ ದಾರಿ ತಡೆಯುತ್ತದೆ. ಬೇಗ ಉರಿಯುವ ರೀಲನ್ನು ಬಸ್ಸಿನಲ್ಲಿ ಒಯ್ಯಬಾರದೆಂದು ಕಂಡಕ್ಟರ್ ತಕರಾರು ಮಾಡಿ, ಕೊನೆಗೆ ಹುಡುಗನ ಮುಖ ನೋಡಿ ಹತ್ತಿಸಿಕೊಳ್ಳುತ್ತಾನೆ. ಪಕ್ಕದ ಆಸನದಲ್ಲಿ ಒಂದು ನಾಯಿಮರಿ. ಹುಡುಗ ಅದರೊಂದಿಗೆ ಆಡುತ್ತಾನೆ. ಗಡಿಯಾರದ ಮುಳ್ಳು ಮುಂದೆ ಸರಿಯುತ್ತದೆ. ಕೊನೆಯ ಗಳಿಗೆಯಲ್ಲಿ ಏನಾದರೂ ಆಗಿ ಹುಡುಗ ಉಳಿಯುತ್ತಾನೆಂದು ನಾವು ನಂಬಿ ಕುಳಿತಿರುತ್ತೇವೆ. ಬಾಂಬ್ ಸಿಡಿಯುತ್ತದೆ.

ಅಂದಿನ ಪ್ರೇಕ್ಷಕರು ಇದಕ್ಕಾಗಿ ನಿರ್ದೇಶಕರ ಮೇಲೆ ಸಿಟ್ಟಾದರು. ಎಷ್ಟೋ ವರ್ಷಗಳ ನಂತರ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಅವರೊಂದಿಗಿನ ಮಾತುಕತೆಯಲ್ಲಿ ಹಿಚ್‌ಕಾಕ್ ತಾವೇ ಅದನ್ನು ತಪ್ಪೆಂದು ಒಪ್ಪಿಕೊಂಡರು: ಇಷ್ಟು ಹೊತ್ತು ಉಸಿರು ಬಿಗಿಹಿಡಿಸಿ, ಇಷ್ಟು ಪ್ರೀತಿ ಹುಟ್ಟಿಸಿದ ಮೇಲೆ ಹುಡುಗನನ್ನು ಸಾಯಿಸಬಾರದಿತ್ತು ಎಂಬುದು ಅವರ ಅಭಿಪ್ರಾಯ. ಅಷ್ಟು ದೊಡ್ಡ ಕಲಾವಿದರ ಮಾತನ್ನು ಅಲ್ಲಗಳೆಯುವುದು ಉದ್ಧಟತನವೆನಿಸಬಹುದು. ಆದರೂ ನಾನು ಒಪ್ಪಲಾರೆ. ಆ ಗಳಿಗೆಯಲ್ಲಿ ಪ್ರೇಕ್ಷಕನಿಗೆ ಬರುವ ಸಿಟ್ಟು ಏನು? ನಾನು ನಿನ್ನನ್ನು ನಂಬಿ ಕುಳಿತಿದ್ದೆ, ನೀನು ಹೀಗೆ ಮಾಡಬಹುದೇ – ಇದು ತಾನೆ? ಸ್ಟೀವಿಗೆ ಕೇಳಲಾಗದೆ ಹೋದ ಪ್ರಶ್ನೆ ಅದೇ. ಬೇಹುಗಾರಿಕೆಯ ಚಿತ್ರವನ್ನು ಸಾಹಸವೆಂದು ನೋಡಲು ಬಂದವನಿಗೆ ಒಂದು ನಿಮಿಷವಾದರೂ ಬೇಹುಗಾರನ ಕೈಯಲ್ಲಿ ಬಳಕೆಯಾಗುವುದು ಎಂದರೇನೆಂದು ತಿಳಿಯಿತು. ಚಿತ್ರದಲ್ಲಿ ನಿಜವಾಗಿ ದುರ್ಬಲವಾದುದು ಅದರ ಅಂತ್ಯ. ಅಲ್ಲಿ ಎರಡನೆಯದೊಂದು ಸ್ಫೋಟವಾಗಿ ವರ್ಲಾಕನ ಸಾವಿನ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಅವಳನ್ನು ಪ್ರೀತಿಸುವ ಪೊಲೀಸ್ ಅಧಿಕಾರಿ ಸತ್ಯವನ್ನು ಮುಚ್ಚಿಟ್ಟು ಅವಳನ್ನು ಕರೆದುಕೊಂಡು ಹೋಗುತ್ತಾನೆ. ಆ ಅಧಿಕಾರಿ ಯಾರು? ಪಕ್ಕದ ಹಣ್ಣು-ತರಕಾರಿ ಅಂಗಡಿಯಲ್ಲಿ ಕೆಲಸದವನಂತೆ ವೇಷ ಹಾಕಿ, ಅಕ್ಕ-ತಮ್ಮಂದಿರ ಸ್ನೇಹ ಬೆಳೆಸಿ, ಹೋಟೆಲಿನಲ್ಲಿ ಊಟ ಕೊಡಿಸಿ ವರ್ಲಾಕನ ಸುದ್ದಿ ಸಂಗ್ರಹಿಸುತ್ತಿದ್ದವನು. ಅವನೂ ಬೇಹುಗಾರನೇ. ಅವನು ಸರಕಾರದ ಕಡೆಯವನಾದ್ದರಿಂದ, ಚೆಲುವನೂ ಆದ್ದರಿಂದ ಚಿತ್ರವು ಅವನನ್ನು ಏನೂ ಕೇಳುವುದಿಲ್ಲ. ನಾವೂ ಕೇಳುವುದಿಲ್ಲ.

ತೆರೆಯ ಮೇಲಿನ ಕಥೆ ಹೀಗೆ ನಮ್ಮನ್ನು ಸುಖವಾಗಿ ಒಂದು ಪಕ್ಷದಲ್ಲಿ ಕೂರಿಸಿಬಿಡುತ್ತದೆ. ನಮ್ಮಲ್ಲಿಯೂ 1961ರಲ್ಲಿ ಬಿ. ಆರ್. ಪಂತುಲು ಅವರ ನಿರ್ದೇಶನದಲ್ಲಿ ಬಿ. ಸರೋಜಾದೇವಿ ಅವರು ರಾಣಿಯ ಪಾತ್ರ ವಹಿಸಿದ ‘ಕಿತ್ತೂರು ಚೆನ್ನಮ್ಮ’ ಬಂದಿತು; 2012ರಲ್ಲಿ ನಾಗಣ್ಣ ಅವರ ನಿರ್ದೇಶನದಲ್ಲಿ ದರ್ಶನ್ ಅವರು ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಿತು. ಇಂಥ ಚಿತ್ರಗಳನ್ನು ನೋಡುವಾಗ ದ್ರೋಹಿಯ ಮೇಲೆ ಹಲ್ಲು ಕಡಿಯುವುದೇ ಒಂದು ಸಂತೋಷ. ಆದರೆ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ಕಿತ್ತೂರಿನ ಮದ್ದು ಕೆಡಿಸಿದ ಕಥೆಯನ್ನೇ ಹೋಲುವ ಕಥೆಯನ್ನು 1858ರ ನರಗುಂದದ ಬಗ್ಗೆಯೂ ಜನ ಹೇಳುತ್ತಾರೆ. ಎರಡೂ ಕಡೆ ಎದುರಿಗೆ ನಿಂತಿದ್ದುದು ಫಿರಂಗಿಗಳುಳ್ಳ ಬಹು ದೊಡ್ಡ ಸೈನ್ಯ. ಮದ್ದು ಶುದ್ಧವಾಗಿದ್ದರೂ ಪರಿಣಾಮ ಬೇರೆಯಾಗುತ್ತಿತ್ತೇ ಎಂಬುದು ಅನುಮಾನ. ಆದರೂ ಜನರಿಗೆ ದ್ರೋಹಿ ಬೇಕು. ದೊಡ್ಡ ಶಕ್ತಿಯ ಮುಂದೆ ಸೋತೆವು ಎಂಬುದಕ್ಕಿಂತ ಒಬ್ಬ ಕೆಟ್ಟವನಿಂದ ಸೋತೆವು ಎಂಬುದು ಮನಸ್ಸಿಗೆ ಹಗುರ. ಹಿಚ್‌ಕಾಕ್ ಚಿತ್ರದ ಎರಡನೆಯ ಸ್ಫೋಟ ಮಾಡುವ ಕೆಲಸವೂ ಅದೇ. ಹಾಗೆಂದು ದ್ರೋಹವೇ ನಡೆಯಲಿಲ್ಲ ಎನ್ನುತ್ತಿಲ್ಲ. ದ್ರೋಹಿಯನ್ನು ಬೈದು ಮುಗಿಸಿದ ಮೇಲೆ ಪ್ರಶ್ನೆ ಇನ್ನೂ ಉಳಿದಿರುತ್ತದೆ ಎನ್ನುತ್ತಿದ್ದೇನೆ.

ಆ ಪ್ರಶ್ನೆಯನ್ನು ಬಹು ಹಿಂದೆಯೇ, ಸುಮಾರು 420ರಲ್ಲಿ, ಒಬ್ಬರು ಸಂತ ಅಗಸ್ಟೀನರಿಗೆ ಕೇಳಿದ್ದರು. ಸ್ಪೇನ್ ಸೀಮೆಯಲ್ಲಿ ಪ್ರಿಸಿಲಿಯನ್ ಎಂಬವನ ಅನುಯಾಯಿಗಳು ತಮ್ಮ ನಿಜವಾದ ನಂಬಿಕೆಯನ್ನು ಮುಚ್ಚಿಡಲು ಸುಳ್ಳು ಹೇಳುವುದನ್ನೇ ಪದ್ಧತಿ ಮಾಡಿಕೊಂಡಿದ್ದರು. ಅವರನ್ನು ಪತ್ತೆಹಚ್ಚಬೇಕಾದರೆ ನಮ್ಮವರೂ ಅವರಂತೆ ನಟಿಸಿ ಒಳಗೆ ಸೇರಬಾರದೇಕೆ ಎಂದು ಕೊನ್ಸೆಂಷಿಯಸ್ ಎಂಬವರು ಕೇಳಿ ಬರೆದರು. ಅಂದರೆ ಧರ್ಮಕ್ಕಾಗಿ ಬೇಹುಗಾರಿಕೆ. ಉತ್ತರವಾಗಿ ಅಗಸ್ಟೀನರು ಒಂದು ಪುಸ್ತಕವನ್ನೇ ಬರೆದರು. ಅವರು ಬೇಡವೆಂದುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಬಹಳ ಲೌಕಿಕವಾದ, ಆದುದರಿಂದಲೇ ಬಹಳ ಬಲವಾದ ಕಾರಣವೆನಿಸುತ್ತದೆ. ಸುಳ್ಳು ಹೇಳಿ ಒಬ್ಬನನ್ನು ಹಿಡಿದ ಮೇಲೆ ಅವನಿಗೆ ಸತ್ಯವನ್ನು ಬೋಧಿಸಲು ಹೊರಟರೆ ಅವನು ನಮ್ಮನ್ನು ಏಕೆ ನಂಬಬೇಕು? ನಿನ್ನೆ ನಟಿಸಿದವನು ಇಂದು ನಟಿಸುತ್ತಿಲ್ಲವೆಂದು ಯಾರು ಹೇಳಬೇಕು? ಸುಳ್ಳಿನಿಂದ ಗೆದ್ದವನು ಗೆಲ್ಲುವ ಗಳಿಗೆಯಲ್ಲಿಯೇ ತನ್ನ ಮಾತಿನ ಬೆಲೆಯನ್ನು ಕಳೆದುಕೊಂಡಿರುತ್ತಾನೆ.

ಆಗ ನೀವು ಜೆರಿಕೋ ಪಟ್ಟಣದ ರಾಹಾಬಳನ್ನು ನೆನಪಿಸಬಹುದು. ಯೆಹೋಶುವನು ಕಳುಹಿಸಿದ ಇಬ್ಬರು ಬೇಹುಗಾರರನ್ನು ಅವಳು ಮಾಳಿಗೆಯ ಮೇಲೆ ನಾರಿನ ಕಟ್ಟುಗಳ ನಡುವೆ ಬಚ್ಚಿಟ್ಟು, ಹುಡುಕಿ ಬಂದವರಿಗೆ ಸುಳ್ಳು ಹೇಳಿ ಕಳುಹಿಸಿದಳು. ಅವಳ ಕುಟುಂಬ ಉಳಿಯಿತು. ಅಗಸ್ಟೀನರು ಅವಳ ಕಥೆಯನ್ನೂ ಎತ್ತಿಕೊಂಡು, ದೇವರು ಅವಳಿಗೆ ಒಲಿದದ್ದು ಅವಳ ಕರುಣೆಗಾಗಿ, ಸುಳ್ಳಿಗಾಗಿ ಅಲ್ಲ ಎನ್ನುತ್ತಾರೆ. ಪ್ರಾಣಭಯದಿಂದ ಮನೆಗೆ ಬಂದವನನ್ನು ಉಳಿಸುವುದಕ್ಕೂ ಸುಳ್ಳೇ ಬೇಡವೆನ್ನುವಷ್ಟು ಬಿಗಿ ಅವರದು. ಇಲ್ಲಿ ಸಾಮಾನ್ಯ ಗೃಹಸ್ಥನ ಮನಸ್ಸು ಹಿಂದೇಟು ಹಾಕುವುದು ಸಹಜ, ನನ್ನದೂ ಹಾಕುತ್ತದೆ. ಬಾಗಿಲಲ್ಲಿ ಕೊಲೆಗಡುಕರು ನಿಂತಾಗ ರಾಹಾಬಳ ಮಾತನ್ನು ಅಳೆಯುವ ತಕ್ಕಡಿ ನನ್ನ ಬಳಿ ಇಲ್ಲ. ಆದರೆ ಅವಳ ಸುಳ್ಳಿಗೂ ವರ್ಲಾಕನ ಬದುಕಿಗೂ ಒಂದು ದೊಡ್ಡ ಅಂತರವಿದೆ. ಅವಳನ್ನು ನಂಬಿದವರು ಮಾಳಿಗೆಯ ಮೇಲಿದ್ದರು. ಅವರಿಗೆ ಅವಳು ಕೊಟ್ಟ ಮಾತನ್ನು ಉಳಿಸಿಕೊಂಡಳು.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಯುದ್ಧದಲ್ಲಿ ಹೊಂಚು ಹಾಕುವುದು ಸರಿಯೇ ಎಂದು ವಿಚಾರಿಸುವಾಗ ಇನ್ನೂ ಸ್ಪಷ್ಟವಾದ ಗೆರೆ ಎಳೆಯುತ್ತಾರೆ. ವೈರಿಗೆ ನಮ್ಮ ಯೋಜನೆಯನ್ನು ತಿಳಿಸದೆ ಇರುವುದು ಬೇರೆ, ಅವನಿಗೆ ಮಾತು ಕೊಟ್ಟು ಮುರಿಯುವುದು ಬೇರೆ. ಮೊದಲನೆಯದು ತಪ್ಪಲ್ಲ, ಎರಡನೆಯದು ವೈರಿಯ ವಿಷಯದಲ್ಲಿಯೂ ತಪ್ಪು. ಈ ಗೆರೆಯನ್ನು ನಮ್ಮ ನೆಲಕ್ಕೆ ತಂದು ನೋಡಿರಿ. ರಾಯಣ್ಣ ಕಾಡಿನಲ್ಲಿ ಅಡಗಿದನು, ಇರುಳಿನಲ್ಲಿ ಎರಗಿದನು, ಸರಕಾರಿ ಕಚೇರಿಗಳನ್ನು ಸುಟ್ಟನು. ಅವನು ತಮ್ಮ ವೈರಿಯೆಂದು ಕಂಪನಿಯವರಿಗೆ ಗೊತ್ತಿತ್ತು. ಎಲ್ಲಿ, ಯಾವಾಗ ಬರುತ್ತಾನೆಂದು ಮಾತ್ರ ಗೊತ್ತಿರಲಿಲ್ಲ. ಅವನು ಯಾರ ಅನ್ನ ಉಂಡೂ ಅವರ ಬೆನ್ನಿಗೆ ಇರಿಯಲಿಲ್ಲ. ಹಳ್ಳದ ದಂಡೆಯಲ್ಲಿ ಅವನ ಕತ್ತಿಯನ್ನು ಕಾದವರ ಮಾತು ಬೇರೆ. ಹೀಗೆ ನೋಡಿದರೆ ನಾವು ರಾಯಣ್ಣನನ್ನು ಗೌರವಿಸಿ ಆ ಜನರನ್ನು ಹಳಿಯುವುದು ಬರಿಯ ಪಕ್ಷಪಾತವಲ್ಲವೆಂದು ಕಾಣುತ್ತದೆ. ಪಕ್ಷ ಅದಲುಬದಲಾಗಿ, ರಾಯಣ್ಣನ ಕಡೆಯವನೊಬ್ಬ ಕಂಪನಿಯ ಅಧಿಕಾರಿಯ ಮನೆಯಲ್ಲಿ ಮಗನಂತೆ ಇದ್ದು ಅವನನ್ನು ಸ್ನಾನದ ವೇಳೆಗೆ ಹಿಡಿದುಕೊಟ್ಟಿದ್ದರೂ ಆ ಕೆಲಸ ಅಷ್ಟೇ ಹೀನವಾಗುತ್ತಿತ್ತು. ಅವನ ಹೆಸರಿನಲ್ಲಿ ನಾವು ಲಾವಣಿ ಕಟ್ಟುತ್ತಿದ್ದೆವೇನೋ, ಅದು ಬೇರೆ ಮಾತು.

ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಬಂಡೆದ್ದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದನು. ರಾಮದುರ್ಗದ ಸಂಸ್ಥಾನಿಕರು ಬಾಬಾಸಾಹೇಬರ ಮಲಸಹೋದರರು. ತಮ್ಮನ್ನು ಬಂಡಾಯಕ್ಕೆ ಕರೆದು ನರಗುಂದದಿಂದ ಬಂದಿದ್ದ ಪತ್ರವನ್ನು ಅವರು ಮ್ಯಾನ್ಸನ್ನನಿಗೆ ತೋರಿಸಿ, ಆ ದಾರಿಯಲ್ಲಿ ಹೋಗಬೇಡವೆಂದು ಎಚ್ಚರಿಸಿದರೆಂದು ಆಂಗ್ಲರ ಬರಹಗಳು ಹೇಳುತ್ತವೆ. ಮ್ಯಾನ್ಸನ್ ಕೇಳಲಿಲ್ಲ, ಸುರೇಬಾನದಲ್ಲಿ ಇರುಳು ತಂಗಿದ್ದಾಗ ಕೊಲೆಯಾದನು. ಜೂನ್ ತಿಂಗಳಲ್ಲಿ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ರಾಮದುರ್ಗದವರು ಅಣ್ಣತಮ್ಮಂದಿರ ಗುಟ್ಟನ್ನು ಪರರಿಗೆ ಬಿಟ್ಟುಕೊಟ್ಟರೇ, ಅಥವಾ ಮನೆಗೆ ಬಂದ ಅತಿಥಿಯ ಪ್ರಾಣ ಉಳಿಸಲು ನೋಡಿದರೇ? ಸಂಸ್ಥಾನ ಉಳಿಸಿಕೊಳ್ಳುವ ಲೆಕ್ಕವೂ ಅದರಲ್ಲಿ ಇದ್ದಿರಬಹುದು. ಒಂದನ್ನು ಮಾತ್ರ ಹೇಳಬಹುದು: ಅವರು ವೇಷ ಹಾಕಿ ತಮ್ಮವರ ಬಳಿ ಹೋಗಿ ಆ ಪತ್ರವನ್ನು ಬರೆಯಿಸಿಕೊಂಡವರಲ್ಲ. ತಾವಾಗಿ ಕೇಳದ ಗುಟ್ಟು ಮನೆಗೆ ಬಂದಾಗ ಅದನ್ನು ಏನು ಮಾಡಬೇಕೆಂಬ ಸಂಕಟ ಅವರದು. ಈ ಸಂಕಟವನ್ನು ವರ್ಲಾಕನ ಕಸುಬಿನೊಂದಿಗೆ ಒಂದೇ ಹಗ್ಗದಲ್ಲಿ ಕಟ್ಟುವುದು ನ್ಯಾಯವಲ್ಲ.

ರಾಯಭಾರ ಕಚೇರಿ, ಬಾಂಬು, ಬಂಡಾಯ – ಇವೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಸ್ಟೀವಿಯ ಕಡೆಗೆ ಮತ್ತೆ ಬರುತ್ತೇನೆ. ಅವನನ್ನು ಕೊಂದ ಸುಳ್ಳು ರಾಯಭಾರ ಕಚೇರಿಯಲ್ಲಿ ಹುಟ್ಟಲಿಲ್ಲ, ಅಡುಗೆಮನೆಯಲ್ಲಿ ಹುಟ್ಟಿತು. ಅದನ್ನು ಹೇಳಿದವರು ಅವನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು. ಅನ್ನದ ಋಣಕ್ಕಾಗಿ, ಮನೆಯ ಮಾನಕ್ಕಾಗಿ, ಹಬ್ಬದ ದಿನ ಜಗಳವಾಗದಿರಲೆಂದು ಮಕ್ಕಳಿಗೆ ನಾವು ಇಂಥ ಮಾತುಗಳನ್ನು ಎಷ್ಟು ಹೇಳುವುದಿಲ್ಲ! ಅವರು ದೊಡ್ಡವರು, ಒಳ್ಳೆಯವರು, ಅವರು ಹೇಳಿದ ಹಾಗೆ ಕೇಳು. ಹಿರಿಯರೊಬ್ಬರ ಬಳಿ ಹೋಗಲು ಮಗು ಹಿಂಜರಿದರೆ ಕಾರಣ ಕೇಳದೆ ಗದರಿಸಿ ಕಳುಹಿಸುವ ಮನೆಗಳು ನಮ್ಮಲ್ಲಿ ಇಲ್ಲವೇ? ಒಳ್ಳೆಯತನದ ಸಾಕ್ಷಿಪತ್ರವನ್ನು ನೋಡದೆ ಬರೆದುಕೊಟ್ಟಾಗ ಅದಕ್ಕೆ ಬೆಲೆ ತೆರುವವರು ಅದನ್ನು ಓದಲಾರದ ಚಿಕ್ಕವರು.

ಇನ್ನೊಂದು ವಿಧದ ಬೇಹುಗಾರಿಕೆಯೂ ನಮ್ಮ ಮನೆಗಳಲ್ಲಿ ಉಂಟು. ಅಕ್ಕ ದಾರಿಯಲ್ಲಿ ಯಾರೊಂದಿಗೆ ಮಾತನಾಡಿದಳು ಎಂದು ನೋಡಿಕೊಂಡು ಬಂದು ಹೇಳೆಂದು ತಮ್ಮನ ಕೈಗೆ ಚಾಕಲೇಟು ಇಡುತ್ತೇವೆ. ಸೊಸೆ ತವರಿಗೆ ಫೋನ್ ಮಾಡಿ ಏನು ಹೇಳಿದಳೆಂದು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತೇವೆ. ಮಗಳ ಮೊಬೈಲಿನಲ್ಲಿ ಅವಳ ವಯಸ್ಸಿನ ಗೆಳತಿಯಂತೆ ಸುಳ್ಳು ಹೆಸರಿನಿಂದ ಸ್ನೇಹ ಬೆಳೆಸಿ ಅವಳ ಮನಸ್ಸಿನಲ್ಲಿರುವುದನ್ನು ತಿಳಿದುಕೊಳ್ಳುವ ತಂದೆತಾಯಿಗಳೂ ಇಂದು ಇದ್ದಾರೆ. ಅವರ ಭಯ ಸುಳ್ಳಲ್ಲ. ಮೊಬೈಲಿನಲ್ಲಿ ಸುಳ್ಳು ಮುಖದ ಪರರು ನಿಜವಾಗಿಯೂ ಮಕ್ಕಳನ್ನು ಹೊಂಚು ಹಾಕುತ್ತಾರೆ. ಮಗಳ ಮೇಲೆ ಕಣ್ಣಿಡುವುದು ತಂದೆತಾಯಿಗಳ ಕರ್ತವ್ಯವೂ ಹೌದು. ನಿನ್ನ ಫೋನನ್ನು ನಾನು ಆಗಾಗ ನೋಡುತ್ತೇನೆ ಎಂದು ಅವಳಿಗೆ ಹೇಳಿಯೇ ನೋಡಿದರೆ ಅವಳು ಸಿಟ್ಟಾದಾಳು, ಎರಡು ದಿನ ಊಟ ಬಿಟ್ಟಾಳು. ಅದು ಎದುರಿನ ಯುದ್ಧ, ರಾಜಿಯಾಗಬಹುದು. ಆದರೆ ಗೆಳತಿಯೆಂದು ಅವಳು ಇರುಳೆಲ್ಲ ಮನಸ್ಸು ಬಿಚ್ಚಿ ಹೇಳಿಕೊಂಡದ್ದು ತಂದೆಗೇ ಎಂದು ಒಂದು ದಿನ ತಿಳಿದುಬಂದರೆ? ಅಗಸ್ಟೀನರ ಪ್ರಶ್ನೆ ಆಗ ಆ ಮನೆಯ ನಡುಮನೆಯಲ್ಲಿ ಬಂದು ಕೂರುತ್ತದೆ. ಮರುದಿನ ಆ ತಂದೆ ಎಷ್ಟೇ ಸತ್ಯವಾದ ಬುದ್ಧಿಮಾತು ಹೇಳಿದರೂ ಅವಳು ಏಕೆ ನಂಬಬೇಕು?

ಚಾಕಲೇಟು ತಿಂದ ಆ ತಮ್ಮನ ಬಗ್ಗೆಯೂ ಯೋಚಿಸಿರಿ. ಅವನು ಅಕ್ಕನನ್ನು ಪ್ರೀತಿಸುತ್ತಾನೆ, ತಾಯಿಯನ್ನೂ ಪ್ರೀತಿಸುತ್ತಾನೆ. ತಾನು ಹೇಳಿದ ಒಂದು ಮಾತಿನಿಂದ ಸಂಜೆ ಅಕ್ಕನಿಗೆ ಏಟು ಬಿದ್ದಾಗ ಅವನು ಮೂಲೆಯಲ್ಲಿ ನಿಂತು ನೋಡುತ್ತಾನೆ. ಪೊಟ್ಟಣದೊಳಗೆ ಏನಿತ್ತೆಂದು ಅವನಿಗೆ ಆಗ ತಿಳಿಯುತ್ತದೆ.

‘ಸಬೋಟಾಜ್’ ದೊಡ್ಡ ಚಿತ್ರವೇನಲ್ಲ. ಒಂದೂಕಾಲು ಗಂಟೆಯ ಕಪ್ಪು-ಬಿಳುಪು ಚಿತ್ರ. ನಿಮ್ಮ ಧರ್ಮಕೇಂದ್ರದ ಯುವಜನರ ಕೂಟದಲ್ಲಿ ತೋರಿಸಲು ಅಡ್ಡಿಯಿಲ್ಲ, ತೀರ ಚಿಕ್ಕ ಮಕ್ಕಳನ್ನು ಕೂರಿಸಬೇಡಿರಿ. ಬಸ್ಸಿನ ದೃಶ್ಯ ಮುಗಿದೊಡನೆ ಚಿತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ದೀಪ ಹಾಕಿರಿ. ನೀವಾಗಿ ಏನನ್ನೂ ಹೇಳಬೇಡಿರಿ. ಅವರು ಏನು ಕೇಳುತ್ತಾರೋ ಕೇಳಿಸಿಕೊಳ್ಳಿರಿ. ಪಕ್ಕದ ಅಂಗಡಿಯಲ್ಲಿ ವೇಷ ಹಾಕಿ ಕುಳಿತಿದ್ದ ಆ ಚೆಲುವ ಅಧಿಕಾರಿಯ ಬಗ್ಗೆ ಅವರಲ್ಲಿ ಯಾರಾದರೂ ಒಬ್ಬರಾದರೂ ಕೇಳಿದರೆ, ಉಳಿದ ಚಿತ್ರವನ್ನು ಅಂದೇ ಮುಗಿಸಬೇಕೆಂಬ ಆತುರ ಬೇಡ.